ಮೈಕ್ ಸೆಟ್ಟಿನ ಟೆಸ್ಟಿಂಗ್ ಹಾಡು

ಕಾಟ್ಟಿಕುಳಂನಲ್ಲಿ ನನ್ನಪ್ಪನ ಮೈಕ್ ಸೆಟ್ ಅಂಗಡಿಯಿತ್ತು. ಮದುವೆ, ಉತ್ಸವ, ಪಾರ್ಟಿ ಮೀಟಿಂಗು, ಪಯ್ಯಂಪಳ್ಳಿ ಚರ್ಚಿನ ಹಬ್ಬ, ಎಲ್ಲಕ್ಕೂ ಅವನದೇ ಸ್ಪೀಕರು. ಕಾರ್ಯಕ್ರಮಕ್ಕೆ ಮುಂಚೆ ಸೆಟ್ ಪರೀಕ್ಷೆ ಮಾಡಲು ಯಾವ ಹಾಡು ಹಾಕುವುದೆಂಬುದೇ ತಲೆನೋವು. ಭಕ್ತಿಗೀತೆ ಹಾಕಿದರೆ ಒಬ್ಬರಿಗೆ ಆಗದು, ಸಿನಿಮಾ ಹಾಡು ಹಾಕಿದರೆ ಇನ್ನೊಬ್ಬರ ಮುಖ ಗಂಟು. ಕೊನೆಗೆ ಅಪ್ಪನನ್ನು ಕಾಪಾಡಿದ್ದು ಲ್ಯಾಟಿನ್ ಅಮೆರಿಕದ ಕುಣಿತದ ಹಾಡುಗಳ ಒಂದು ಹಳೆಯ ಎಲ್‌ಪಿ ರೆಕಾರ್ಡು. ಯಾವುದೋ ಎಸ್ಟೇಟ್ ಬಂಗಲೆ ಖಾಲಿ ಮಾಡುವಾಗ ಪ್ಲೇಯರಿನ ಜೊತೆಗೇ ಸಿಕ್ಕಿದ್ದು. ಕವರನ್ನು ಗೆದ್ದಲು ತಿಂದಿದ್ದರಿಂದ ಹಾಡಿದವರು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಭಾಷೆ ಯಾರಿಗೂ ತಿಳಿಯದ ಕಾರಣ ಯಾರ ತಕರಾರೂ ಇರಲಿಲ್ಲ. ನಮ್ಮ ಕಡೆಯ ಎಲ್ಲ ದೇವರೂ, ಎಲ್ಲ ಪಕ್ಷದ ಮುಖಂಡರೂ ಆ ಹಾಡು ಮುಗಿದ ಮೇಲೆಯೇ ಮೆರೆದವರು.

ಜೀವಮಾನವಿಡೀ ಸ್ಪೀಕರಿನ ಪಕ್ಕ ನಿಂತವನ ಕಿವಿ ಎಷ್ಟು ದಿನ ಬಾಳೀತು? ಅಂಗಡಿ ಮುಚ್ಚಿದ ಮೇಲೆ ಅಪ್ಪನನ್ನು ಮಾನಂದವಾಡಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೋದದ್ದು ಇನ್ನು ಬರುವುದಿಲ್ಲ, ಉಳಿದಿರುವುದೂ ಕಡಿಮೆಯಾಗುತ್ತಾ ಹೋಗುತ್ತದೆ ಎಂದು ಹೇಳಿ ಡಾಕ್ಟರು ಕಿವಿಗೊಂದು ಮಿಷನ್ ಹಾಕಿಸಿದರು. ಮನೆಗೆ ಬಂದವನೇ ಅಪ್ಪ ರೆಕಾರ್ಡು ಹಾಕಿ ಕೇಳಿದ. ಅರ್ಧ ಹಾಡೂ ಆಗಿರಲಿಲ್ಲ, ಮಿಷನ್ ಕಿತ್ತು ಮೇಜಿನ ಮೇಲಿಟ್ಟ.

"ಥೂ, ತಗಡು ಬಡ್ದಂಗೆ ಕೇಳ್ತದೆ. ಇಂಥಾ ಸ್ಪೀಕರ ನಾನು ಯಾವ ಮದ್ವೆಗೂ ಕಟ್ಟಿಲ್ಲ."

"ಹಂಗಾದ್ರೆ ನಾವು ಮಾತಾಡೋದು ನಿಂಗೆ ಹೆಂಗಪ್ಪಾ ಕೇಳ್ಬೇಕು?" ಎಂದು ಕೂಗಿದೆ.

"ನನ್ನ ಕಿವಿ ಶೆರಿಯಾಗೇ ಅದೆ. ರೆಕಾರ್ಡು ಪೂರಾ ಕೇಳ್ತದಲ್ಲಾ! ನಿಮ್ಗೇ ಮೆಲ್ಲಕೆ ಮಾತಾಡೋ ರೋಗ ಬಂದದೆ."

ಇಂಥವನ ಹತ್ತಿರ ವಾದ ಮಾಡುವುದುಂಟೇ? ಅಂದಿನಿಂದ ದಿನಾ ಸಂಜೆ ಅವನು ರೆಕಾರ್ಡು ಹಾಕುವುದು, ನಾನು ಕೆಲಸ ಬಿಟ್ಟು ಪಕ್ಕದಲ್ಲಿ ಕೂರುವುದು. ಮೊದಲು ಡೋಲಿನಂಥ ವಾದ್ಯಗಳು, ಆಮೇಲೆ ಪಿಯಾನೋ, ಎಲ್ಲವೂ ಒಂದು ಕ್ಷಣ ತಡೆದು ನಿಂತಾಗ ತುತ್ತೂರಿ. ಅಪ್ಪ ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದ, ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಅದನ್ನು ನೋಡಿ ಡಾಕ್ಟರೇ ತಪ್ಪು ಹೇಳಿರಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟಾದರೂ ಉಳಿದಿರಲಿ ಎಂಬ ಆಸೆ ಅವನಿಗಿಂತ ನನಗೇ ಹೆಚ್ಚಿತ್ತು. ಅಮ್ಮ ಹೋದ ಮೇಲೆ ನನ್ನ ಮಾತಿಗೆ ಮಾತು ಕೊಡುತ್ತಿದ್ದವನು ಅವನೊಬ್ಬನೇ.

ಮೊನ್ನೆ ಹಾಡಿನ ನಡುವೆ ಕರೆಂಟು ಹೋಯಿತು. ದನಿ ಎಳೆದುಕೊಂಡು, ಗೊಗ್ಗರಾಗಿ, ನಿಂತೇಹೋಯಿತು. ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಹೊರಗೆ ಬಾವಲಿ ಕಡೆಯ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಅಪ್ಪನ ಕೈ ಮಾತ್ರ ಮೊಣಕಾಲಿನ ಮೇಲೆ ತಾಳ ಹಾಕುತ್ತಲೇ ಇತ್ತು.

"ಈಗ ಬತ್ತದೆ ನೋಡು ತುತ್ತೂರಿ," ಎಂದ. ಬೆರಳೆತ್ತಿ, ಕಣ್ಣು ಮುಚ್ಚಿಕೊಂಡೇ ನಕ್ಕ.

ಅವನು ಕಣ್ಣು ಬಿಡುವುದರೊಳಗೆ ಕರೆಂಟು ಬರಲಪ್ಪಾ ಎಂದು ಸಿಕ್ಕಸಿಕ್ಕ ದೇವರನ್ನೆಲ್ಲ ಬೇಡಿಕೊಂಡೆ. ಬರಲಿಲ್ಲ. ತಾಳ ಮುಗಿಸಿ, ರೆಕಾರ್ಡಿನ ಮಗ್ಗುಲು ಬದಲಿಸಲು ಅಪ್ಪ ಎದ್ದ. ಪ್ಲೇಯರಿನ ಮುಳ್ಳು ಹಾಡಿನ ಅರ್ಧದಲ್ಲೇ ನಿಂತಿತ್ತು. ಅದನ್ನು ನೋಡಿದ, ಆರಿದ ದೀಪವನ್ನು ನೋಡಿದ, ಆಮೇಲೆ ನನ್ನನ್ನು.

"ಕರಂಟು ಯಾವಾಗ ಹೋಯ್ತು ಮಗಾ?"

"ಈಗ, ಈಗ್ತಾನೇ ಹೋಯ್ತಪ್ಪಾ," ಎಂದೆ.

"ಏನು?" ಎಂದು ನನ್ನ ತುಟಿಯನ್ನೇ ನೋಡುತ್ತಾ ಹತ್ತಿರ ಬಂದ. ಅದೇ ಸುಳ್ಳನ್ನು ಮತ್ತೊಮ್ಮೆ, ಗಂಟಲು ಹರಿಯುವಂತೆ ಕೂಗಿ ಹೇಳಬೇಕಾಯಿತು.