ಮೌಲಾನ ತೋಳು ನೆಟ್ಟಗಿತ್ತು

ಚೆಂಡೆಸೆಯುವಾಗ ಮೌಲಾನ ಮೊಣಕೈ ಮಡಚುತ್ತಿರಲಿಲ್ಲ. ಮಡಚುತ್ತದೆ ಎಂಬುದು ನಾನು ಹುಟ್ಟಿಸಿದ ಸುಳ್ಳು. ಬೆಟಗೇರಿಯಲ್ಲಿ ಅದು ಇಂದಿಗೂ ನಿಜವೆಂದೇ ಓಡಾಡುತ್ತಿದೆ — ನಾನು ಸುಮ್ಮನೆ ಕೇಳಿಸಿಕೊಂಡು ಬಂದಿದ್ದೇನೆ. ಬೌಲರ್ ಕೈ ಮಡಚಿ ಎಸೆದರೆ ಕ್ರಿಕೆಟ್‌ನಲ್ಲಿ ಅದು ಮೋಸ. ವೇಗದ ಬೌಲರ್‌ಗೆ ಆ ಮಾತು ಅಂಟಿದರೆ ಮುಗಿಯಿತು.

ನಾವಿಬ್ಬರೂ ಒಂದೇ ತಂಡದ ವೇಗದ ಬೌಲರ್‌ಗಳು. ಅವನ ತಂದೆ ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದರು. ನನ್ನ ತಂದೆಗೆ ಗದಗಿನಲ್ಲಿ ಹತ್ತಿಯ ವ್ಯಾಪಾರ. ನನ್ನ ಕಾಲಲ್ಲಿ ಹುಬ್ಬಳ್ಳಿಯಿಂದ ತಂದ ಮೊಳೆ ಬೂಟು, ಅವನ ಕಾಲಲ್ಲಿ ಹೊಲಿಗೆ ಬಿಚ್ಚಿದ ಕ್ಯಾನ್ವಾಸ್. ಆದರೂ ಮೌಲಾ ಓಡಿ ಬರುವಾಗ ಜನ ಚಹಾದ ಕಪ್ಪು ಹಿಡಿದು ಹಾಗೇ ನಿಂತುಬಿಡುತ್ತಿದ್ದರು. ನಾನು ಓಡಿ ಬರುವಾಗ ಕುಡಿಯುತ್ತಿದ್ದರು.

ನನಗೂ ವಿಕೆಟ್ ಸಿಗುತ್ತಿದ್ದವು. ಮೌಲಾನಿಗೆ ಹೆದರಿದ ಬ್ಯಾಟ್ಸ್‌ಮನ್‌ಗಳು ನನ್ನ ಓವರಿನಲ್ಲಿ ರನ್ ಹೊಡೆಯಲು ಹೋಗಿ ಔಟಾಗುತ್ತಿದ್ದರು. ಅಂದರೆ ನನ್ನ ವಿಕೆಟ್‌ಗಳೂ ಅವನವೇ — ಇದು ಬೇರೆ ಯಾರಿಗೂ ಹೊಳೆದಿರಲಿಲ್ಲ, ನನಗೆ ಗೊತ್ತಿತ್ತು. ರಾತ್ರಿ ಊಟಕ್ಕೆ ಕೂತರೂ ಅದನ್ನೇ ಲೆಕ್ಕ ಹಾಕುತ್ತಿದ್ದೆ.

ನಮ್ಮ ಕೋಚ್ ಒಂದು ಕಥೆ ಹೇಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆರಿಬಿಯನ್ ದ್ವೀಪವೊಂದರಲ್ಲಿ ಒಬ್ಬ ಕಪ್ಪು ವೇಗದ ಬೌಲರ್ ಇದ್ದನಂತೆ. ಬಿಳಿಯರ ಕ್ಲಬ್ಬಿನಲ್ಲಿ ಮೈದಾನ ಸರಿಮಾಡುವ ಕೆಲಸ. ಅಭ್ಯಾಸಕ್ಕೆ ಅವನೇ ಬೌಲ್ ಮಾಡಬೇಕು. ದ್ವೀಪ ದ್ವೀಪಗಳ ನಡುವಿನ ದೊಡ್ಡ ಪಂದ್ಯಕ್ಕೆ ಮಾತ್ರ ಅವನು ಬೇಡ — ಸಂಬಳಕ್ಕೆ ಆಡುವವನು ಎಂಬ ನೆಪ. "ಅವಂಗ ಆಟ ಬರ್ತಿರಲಿಲ್ಲಂತಲ್ಲ," ಎನ್ನುತ್ತಿದ್ದರು ಕೋಚ್, "ಅವರಿಗೆ ಅವನ ಅಂಜಿಕಿ ಇತ್ತು. ನೆಪ ಹುಡುಕಿದ್ರು." ಮೌಲಾ ಈ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದ. ಆ ಬಿಳಿಯರನ್ನು ನಾನೂ ಬೈದಿದ್ದೆ.

ವಲಯ ತಂಡದ ಆಯ್ಕೆಗೆಂದು ಹಿರಿಯರೊಬ್ಬರು ನಮ್ಮ ಪಂದ್ಯ ನೋಡಲು ಗದಗಿಗೆ ಬಂದರು. ಒಬ್ಬನೇ ವೇಗದ ಬೌಲರ್‌ಗೆ ಜಾಗವಿತ್ತು. ನಾನು ನಾಯಕನಾಗಿದ್ದರಿಂದ ನನ್ನನ್ನೇ ಪಕ್ಕಕ್ಕೆ ಕರೆದು ಮೌಲಾ ಹೇಗೆ ಎಂದು ಕೇಳಿದರು.

"ಭಾಳ ಛಲೋ ಹಾಕ್ತಾನ್ರಿ," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಜೋರ್ ಹಾಕುಮುಂದ ಅಷ್ಟ ಕೈ ಮಡಚ್ತಾನ. ನಮ್ಮ ಹುಡುಗ ಅಂತ ನಾವು ಯಾರಿಗೂ ಹೇಳೂದಿಲ್ರಿ."

ಆ ಕೊನೆಯ ಮಾತನ್ನು ನಾನು ಮೊದಲೇ ಯೋಚಿಸಿಟ್ಟುಕೊಂಡಿದ್ದೆ. ಗೆಳೆಯನ ತಪ್ಪನ್ನು ಮುಚ್ಚಿಡುವವನ ಮಾತನ್ನು ಯಾರು ಅನುಮಾನಿಸುತ್ತಾರೆ? ಅವರು ಹೋಗಿ ಅಂಪೈರ್ ಕಿವಿಯಲ್ಲಿ ಹೇಳಿದರು. ಅನುಮಾನದ ಕಣ್ಣಿಗೆ ನೆಟ್ಟಗಿನ ತೋಳೂ ಸೊಟ್ಟಗೆ ಕಂಡಿತು; ಅಂಪೈರ್ ಅವನ ಚೆಂಡನ್ನು ನೋ-ಬಾಲ್ ಎಂದರು. ನಾನು ಆಯ್ಕೆಯಾದೆ.

ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೇ ಅಲ್ಲ. ಮರುದಿನ ಮೌಲಾ ನನ್ನ ಬಳಿಗೇ ಬಂದ. "ಈರಣ್ಣ, ದಿನಾ ಬಾಜೂಕ ನಿಂತು ನೋಡಾಂವ ನೀ. ಖರೆ ಹೇಳು, ನನ್ನ ಕೈ ಮಡಚ್ತೈತೇನು?"

ಅವನ ಕಣ್ಣು ನೋಡುತ್ತಲೇ ಹೇಳಿದೆ: "ಹೂಂ. ಸ್ವಲ್ಪ."

ಆ ಮಳೆಗಾಲವಿಡೀ ನಾನೇ ಅವನನ್ನು ತಿದ್ದಿದೆ. ಇಲ್ಲದ ತಪ್ಪನ್ನು ತಿದ್ದಿಕೊಳ್ಳುತ್ತ ಅವನು ತೋಳನ್ನು ಮರದಂತೆ ಬಿಗಿ ಹಿಡಿದ, ಓಟ ಕುಗ್ಗಿಸಿದ. ವೇಗ ಹೋಯಿತು, ಭುಜ ಹಿಡಿದುಕೊಂಡಿತು. ಕೊನೆಗೆ ಆಡುವುದನ್ನೇ ಬಿಟ್ಟು ಲಕ್ಷ್ಮೇಶ್ವರದಲ್ಲಿ ಮಾವನ ಹಣ್ಣಿನಂಗಡಿಗೆ ಹೋಗಿ ಸೇರಿದ. ನಾನೂ ಹೆಚ್ಚು ದಿನ ಆಡಲಿಲ್ಲ. ಆಚೆ ತುದಿಯಲ್ಲಿ ಮೌಲಾ ಇರಲಿಲ್ಲವಲ್ಲ — ನನಗೆ ಯಾರೂ ಔಟಾಗಲಿಲ್ಲ.

ಕಳೆದ ವರ್ಷ ಲಕ್ಷ್ಮೇಶ್ವರದಲ್ಲಿ ಹುಡುಗಿಯರ ಪಂದ್ಯಕ್ಕೆ ಅಂಪೈರ್ ಆಗಿ ಹೋಗಿದ್ದೆ. ಎತ್ತರದ ಹುಡುಗಿಯೊಬ್ಬಳು ತೋಳನ್ನು ಬಿಗಿಹಿಡಿದು ಮೆಲ್ಲಗೆ ಬೌಲ್ ಮಾಡುತ್ತಿದ್ದಳು. ಗೆರೆಯಾಚೆಯಿಂದ ಕೂಗು ಕೇಳಿತು: "ಸಾವಕಾಶ ಹಾಕು ಬೇಟಿ, ಕೈ ಮಡಚಬ್ಯಾಡ!" ತಲೆ ನರೆತಿದ್ದರೂ ದನಿ ಮೌಲಾನದೇ. ಅವಳು ಅವನ ಮಗಳು ಶಬಾನಾ.

ನೀರಿನ ವಿರಾಮದಲ್ಲಿ ಅವನ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಹೊಡೆಯಬಹುದೆಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿತ್ತೇನೋ.

"ಅಪ್ಪ ಹಾಸಿಗಿ ಹಿಡದಾಗ ಕೇಳಿದ್ದ," ಎಂದ ಮೌಲಾ. "'ಮೋಸದಿಂದ ಔಟ್ ಮಾಡತಿದ್ದೇನಪಾ?' ಅಂತ. ನೀ ಹೇಳಿದ್ದಿ, ಅದಕ್ಕ ನಾ ಹೌದಂದೆ. ಹಂಗ ತಿಳಕೊಂಡ ಹೋದ ಅವ."

ನಾನು ಕೈ ಮುಗಿಯಲು ಹೋದೆ. ಅವನು ಮುಖ ತಿರುಗಿಸಿದ.

"ನನ್ನ ಮುಂದ ಬ್ಯಾಡ. ಅಕಿಗೆ ಹೇಳು, ಹೋಗು."

ಶಬಾನಾಳ ಹತ್ತಿರ ಹೋಗಿ ಹೇಳಿದೆ: "ನಿಮ್ಮಪ್ಪನ ಕೈ ಎಂದೂ ಮಡಚಿಲ್ಲವ್ವ. ನಾ ಸುಳ್ಳು ಹೇಳಿದ್ದೆ. ನಿನ್ನ ಕೈನೂ ಮಡಚೂದಿಲ್ಲ. ಎಷ್ಟ ಜೋರ್ ಬರ್ತೈತಿ ಅಷ್ಟ ಹಾಕು." ಅವಳು ನನ್ನನ್ನೂ ತಂದೆಯನ್ನೂ ನೋಡಿದಳು. ಆಟ ಮತ್ತೆ ಶುರುವಾದಾಗ, ಓಟಕ್ಕೆ ಗುರುತು ಹಾಕಿದ್ದ ಜಾಗವನ್ನು ದಾಟಿ ಇನ್ನೂ ಹಿಂದಕ್ಕೆ ನಡೆದಳು. ಓಡಿ ಬಂದು ಎಸೆದ ಚೆಂಡು ಬ್ಯಾಟಿಗೂ ಸಿಗದೆ, ಕೀಪರ್‌ಗೂ ಸಿಗದೆ ಗೆರೆ ದಾಟಿ ಹೋಯಿತು.

ಆಗ ನನಗೆ ಸಂತೋಷವಾಯಿತು ಎಂದು ಬರೆಯುವ ಆಸೆ. ಆದರೆ ನಿಜ ಹೇಳಲು ಕೂತಿದ್ದೇನೆ — ಹೊಟ್ಟೆ ಉರಿಯಿತು. ಈ ವಯಸ್ಸಿನಲ್ಲಿ, ಆ ಕೂಸಿನ ಮೇಲೆ. ಮೌಲಾ ನನ್ನೊಡನೆ ಮತ್ತೆ ಮಾತಾಡಿಲ್ಲ, ಮಾತಾಡಬೇಕಾಗಿಯೂ ಇಲ್ಲ. ಬೆಟಗೇರಿಯಲ್ಲಿ ನಮ್ಮ ತಂಡದ ಹಳಬರು ಇನ್ನೂ ಇದ್ದಾರೆ. ಈ ಭಾನುವಾರ ಅವರನ್ನೆಲ್ಲ ಕರೆದಿದ್ದೇನೆ. ಯಾಕೆಂದು ಇನ್ನೂ ಹೇಳಿಲ್ಲ.