ಪಕ್ಕದ ಮನೆಯ ‘ಒಲೆ’

ಒಲೆ ಆರಿದೆಯೇ ಎಂದು ದಿನಕ್ಕೆ ಮೂರು ಸಲ ನೋಡುವುದು ನನ್ನ ನಿಯಮ. ಮೂವತ್ತು ವರ್ಷ ಮೈಸೂರಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ನಿಯಮವಿಲ್ಲದಿದ್ದರೆ ಅನ್ನ ಸೇರದು. ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿರುವ ಮಗಳ ಮನೆಗೆ ಬಂದ ಮೊದಲ ವಾರ, ಬೇಲಿಯಾಚೆಯಿಂದ ಯಾರೋ “ಒಲೆ!” ಎಂದು ಕೂಗಿದರು. ಅಡುಗೆಮನೆಗೆ ಓಡಿದೆ. ಮತ್ತೆ ಕೂಗಿದರು, ಮತ್ತೆ ಓಡಿದೆ. ನಾಲ್ಕನೆಯ ಸಲಕ್ಕೆ ಮಗಳು ರೂಪಾ, “ಅಪ್ಪಾ, ಕೂತ್ಕೊಳ್ಳಿ. ಅದು ಸ್ಪೇನ್ ಭಾಷೇಲಿ ಭೇಷ್ ಅಂತ. ನಮ್ಮ ಸ್ಟವ್ ಆಫ್ ಆಗಿದೆ,” ಎಂದಳು.

ಹಾಗೆ ಭೇಷ್ ಎನ್ನುತ್ತಿದ್ದವರು ಪಕ್ಕದ ಮನೆಯ ಮುದುಕರೊಬ್ಬರು, ಸ್ಪೇನಿನ ಫ್ಲಮೆಂಕೊ ಸಂಗೀತದ ತಮ್ಮ ಹಳೆಯ ರೆಕಾರ್ಡುಗಳಿಗೆ. ಅದೇ ಮನೆಯಲ್ಲಿ ಗಿಟಾರ್ ನುಡಿಸುವ ಮಗ ರಾಫಾನಿಗೆ ಮಾತ್ರ ಆ ಮಾತು ಸಿಕ್ಕಿ ವರ್ಷಗಳಾಗಿದ್ದವು. ತಂದೆ ಕಲಿಸಿದ ಫ್ಲಮೆಂಕೊಗೆ ಅವನು ಜಾಝ್ ಬೆರೆಸಿದ್ದ. ಬೆರಕೆಯನ್ನು ತಾವು ಕೇಳುವುದೇ ಇಲ್ಲವೆಂದು ಮುದುಕರ ಹಟ. ಅವನು ನುಡಿಸತೊಡಗಿದರೆ ಇವರು ಪೇಪರು ಬಿಡಿಸಿ ಕೂರುತ್ತಿದ್ದರು.

ನಾನು ಕೇಳದೆ ಇರಲು ಸಾಧ್ಯವೇ? ಸಂಗೀತ ಕಚೇರಿಗಳಲ್ಲಿ ತೊಡೆ ತಟ್ಟಿ ತಾಳ ಹಾಕಿದ ಕೈ ಇದು. ಅವರ ತಾಳ ಹನ್ನೆರಡರ ಎಣಿಕೆ, ಪೆಟ್ಟು ಬೀಳುವುದು ಮೂರು, ಆರು, ಎಂಟು, ಹತ್ತು, ಹನ್ನೆರಡಕ್ಕೆ. ರಾಫಾ ಜಾಝಿನ ಜಾಡು ಹಿಡಿದು ಎಲ್ಲೆಲ್ಲೋ ಅಲೆದು, ಹನ್ನೆರಡಕ್ಕೆ ಸರಿಯಾಗಿ ಬಂದಿಳಿಯುತ್ತಿದ್ದ. ಮೈದಾನವೆಲ್ಲ ಸುತ್ತಾಡಿ, ಸೀಟಿ ಊದುವ ಹೊತ್ತಿಗೆ ಸಾಲಿನಲ್ಲಿ ನಿಂತಿರುವ ಪೋರನನ್ನು ಕಂಡಷ್ಟು ಖುಷಿ ನನಗೆ.

ಒಂದು ಭಾನುವಾರ ಮಧ್ಯಾಹ್ನ ಅವರ ಹಿತ್ತಲಿನಲ್ಲೇ ಕಚೇರಿ. ಚಪ್ಪಾಳೆಯಲ್ಲಿ ತಾಳ ಹಿಡಿಯುವವನಿಗೆ ಜ್ವರ. ನಾನು ತೊಡೆ ತಟ್ಟುತ್ತ ಕೇಳುವುದನ್ನು ಕಂಡಿದ್ದ ರಾಫಾ ಬೇಲಿಯ ಬಳಿ ಬಂದು ನನ್ನನ್ನೇ ಕರೆದ. ಅಪ್ಪ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಈ ಸಲವಾದರೂ ಕೇಳಿಸಿಕೊಳ್ಳಲಿ ಎಂದ. ಇಸ್ತ್ರಿಯ ಅಂಗಿ ತೊಟ್ಟು ಹತ್ತು ನಿಮಿಷ ಮೊದಲೇ ಹಾಜರಾದೆ.

ಏನು ನುಡಿಸಿದ ಅಂತೀರಿ! ಗಿಟಾರು ತಾಳದಿಂದ ಜಾರಿಯೇ ಹೋಯಿತೆಂದು ನಾನು ಅಂದುಕೊಳ್ಳುವಷ್ಟರಲ್ಲಿ ಇನ್ಯಾವುದೋ ಓಣಿಯಿಂದ ಹಾಜರಾಗುತ್ತಿತ್ತು. ಮುದುಕರು ಕಣ್ಣು ಮುಚ್ಚಿದ್ದರು; ನಿದ್ದೆಯೋ ಸಿಟ್ಟೋ ತಿಳಿಯದು. ಮೂರನೆಯ ಸಲ ಹಾಗಾದಾಗ ತಡೆಯಲಾಗದೆ ನಾನೇ “ಒಲೆ!” ಎಂದುಬಿಟ್ಟೆ.

ಎಲ್ಲ ಮುಗಿದ ಮೇಲೆ ಮುದುಕರು ನೆಟ್ಟಗೆ ನನ್ನ ಬಳಿ ಬಂದರು. “ಒಂಬತ್ತಕ್ಕೆ ಕೂಗಿದಿರಿ. ಹತ್ತಕ್ಕೆ ಕೂಗಬೇಕಿತ್ತು,” ಎಂದು ಗದರಿದರು. ಹೊಗಳುವುದಕ್ಕೂ ತಾಳವಿದೆಯಂತೆ.

ಹೊತ್ತು ತಪ್ಪಿದೆನೆಂದು ನಾನು ಬೈಸಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ತಲೆ ತಗ್ಗಿಸಿ ಒಪ್ಪಿಕೊಂಡೆ. ಗಿಟಾರನ್ನು ಪೆಟ್ಟಿಗೆಯಲ್ಲಿ ಇಡುತ್ತಿದ್ದ ರಾಫಾ ಮಾತ್ರ ಅದನ್ನು ಕೈಯಲ್ಲೇ ಹಿಡಿದು ನಿಂತು ನಗತೊಡಗಿದ. ನೀವೇ ಹೇಳಿ, ಮೊದಲಿನಿಂದ ಎಣಿಸುತ್ತ ಕೂರದವರಿಗೆ ನಾನು ಕೂಗಿದ್ದು ಒಂಬತ್ತಕ್ಕೆ ಎಂದು ಹೇಗೆ ತಿಳಿಯಬೇಕು?