ಬೆನ್ನಿಗೆ ಹಚ್ಚಿದ ಕರೆಂಟು

ಕನಸಿನಲ್ಲಿ ನಾನು ಯಾವತ್ತೂ ಗಾಲಿಕುರ್ಚಿಯಲ್ಲಿ ಕೂತಿಲ್ಲ. ಬಿದ್ದು ಎರಡು ವರ್ಷವಾದ ಮೇಲೂ ಕನಸಿನ ನಾನು ಅಮೃತಹಳ್ಳಿಯ ನಮ್ಮ ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುತ್ತಲೇ ಇರುತ್ತಿದ್ದೆ. ಆ ಹೊಲ ಲೇಔಟಾಗಿ ಎಷ್ಟೋ ಕಾಲವಾಗಿದೆ. ಅದರಲ್ಲೇ ಒಂದು ಸೈಟಿನಲ್ಲಿ ಬಾಡಿಗೆಗೆಂದು ಮನೆ ಕಟ್ಟಿಸುತ್ತಿದ್ದೆ. ಒಂದು ದಿನ ಮೇಸ್ತ್ರಿಯ ಮೇಲೆ ರೇಗುತ್ತಾ, ಸಾರ್ವೆಯ ಹಲಗೆಯ ಮೇಲೆ ನಿಂತು ಒಂದು ಹೆಜ್ಜೆ ಹಿಂದಿಟ್ಟೆ. ಹಿಂದೆ ಹಲಗೆ ಇರಲಿಲ್ಲ. ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಅದು ಇಷ್ಟು ನಿಜವಾಗುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ.

ಬೆನ್ನುಹುರಿ ಪೂರ್ತಿ ತುಂಡಾಗಿಲ್ಲ, ಜಜ್ಜಿಹೋಗಿದೆ ಎಂದರು ಡಾಕ್ಟರು. ಹೆಬ್ಬಾಳದ ಹತ್ತಿರದ ಒಂದು ಕೇಂದ್ರದಲ್ಲಿ ಹೊಸ ಚಿಕಿತ್ಸೆ ಇದೆಯಂತೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಬೆನ್ನಿನ ಚರ್ಮಕ್ಕೆ ಅಂಟಿನ ಪ್ಯಾಡ್ ಹಚ್ಚಿ ಸಣ್ಣಗೆ ಕರೆಂಟು ಹರಿಸುತ್ತಾರೆ. ಕರೆಂಟೇ ಕಾಲನ್ನು ಎತ್ತುವುದಿಲ್ಲ. ಮಂಪರಿನಲ್ಲಿರುವ ನರಗಳನ್ನು ಅದು ಎಚ್ಚರವಾಗಿಡುತ್ತದೆ, ಎತ್ತುವ ಪ್ರಯತ್ನ ನಾನೇ ಮಾಡಬೇಕು. ಆರು ವಾರ ನೋಡೋಣ, ಏನೂ ಆಗದಿದ್ದರೆ ಬಿಟ್ಟುಬಿಡೋಣ ಎಂದರು. ಇನ್ನೊಮ್ಮೆ ಎದ್ದು ನಿಲ್ಲುವ ನನ್ನ ಆಸೆಯೆಲ್ಲ ಆ ಆರು ವಾರದಲ್ಲಿತ್ತು.

ಥೆರಪಿಸ್ಟ್ ಆರ್.ಟಿ. ನಗರದಿಂದ ಕೇಂದ್ರಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದ ಗಟ್ಟಿಗಿತ್ತಿ. ನನ್ನ ಸಿಡುಕಿಗೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. ಅವಳು ಗುಂಡಿ ಒತ್ತಿದರೆ ಬೆನ್ನಿನಲ್ಲೆಲ್ಲೋ, ಪಕ್ಕದ ಕೋಣೆಯಲ್ಲಿ ಯಾರದೋ ಫೋನು ಗುಂಯ್‌ಗುಟ್ಟಿದ ಹಾಗೆ ಅನಿಸುತ್ತಿತ್ತು. ಕಿಟಕಿಯಾಚೆ ಫ್ಲೈಓವರಿನ ಮೇಲೆ ಗಾಡಿಗಳು ಸದ್ದಿಲ್ಲದೆ ಜಾರುತ್ತಿದ್ದವು. ಜಕ್ಕೂರಿನಿಂದ ಎದ್ದ ಪುಟ್ಟ ವಿಮಾನವೊಂದು ಬಿಸಿಲಲ್ಲಿ ಅಲ್ಲೇ ನಿಂತುಬಿಟ್ಟಂತೆ ಕಾಣುತ್ತಿತ್ತು. “ಬಲಗಾಲು ನೆಟ್ಟಗೆ ಮಾಡಿ ಸಾರ್” ಎನ್ನುತ್ತಿದ್ದಳು. ಕಣ್ಣು ಮುಚ್ಚಿ ಮಾಡುತ್ತಿದ್ದೆ. ಕಾಲು ನೆಟ್ಟಗಾಗುತ್ತಿತ್ತು, ನಾನು ಎದ್ದು ಕಿಟಕಿ ದಾಟಿ, ಗಾಡಿಗಳ ನಡುವೆ ಹಗುರವಾಗಿ ನಡೆದು ಹೋಗುತ್ತಿದ್ದೆ. ಕಣ್ಣು ಬಿಟ್ಟರೆ ಕಾಲು ಇಟ್ಟಲ್ಲೇ ಇರುತ್ತಿತ್ತು.

ಎರಡು ವಾರ ಹೀಗೇ ಕಳೆಯಿತು. ಪ್ಯಾಡುಗಳು ಸರಿಯಾಗಿ ಕೂರುತ್ತಿರಲಿಲ್ಲ, ಅಂಚು ಏಳುತ್ತಿತ್ತು. ಅವಳು ಹೊಸ ಪ್ಯಾಡ್ ತಂದಳು, ಸ್ಪಿರಿಟ್ ಹಾಕಿ ಒರೆಸಿದಳು, “ಬೆನ್ನು ತುಂಬಾ ಬೆವರುತ್ತಾ ಸಾರ್ ನಿಮ್ಗೆ?” ಎಂದು ಕೇಳಿದಳು. ಮೂರನೇ ವಾರದ ಸೋಮವಾರ ಬಗ್ಗಿ ಮೂಸಿದಳು.

“ಸಾರ್, ಇದು ಹರಳೆಣ್ಣೆ!”

ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಚರ್ಮ ಮುಟ್ಟಿದ್ದು ತಿಳಿದರೆ ತಾನೆ ಗೊತ್ತಾಗುವುದು? ದಿನವೂ ನನ್ನ ಜೊತೆ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದ ಅಮ್ಮನ ಕಡೆ ತಿರುಗಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಕರೆಂಟು ಅಂದ್ರೆ ಉಷ್ಣ ಅಲ್ವೇನಮ್ಮ?” ಎಂದಳು, ನನಗಲ್ಲ, ಥೆರಪಿಸ್ಟಿಗೆ. “ಒಳಗೆಲ್ಲ ಸುಟ್ಟೋಗ್ಬಾರ್ದು ಅಂತ ಬೆಳಗ್ಗೆ ಮಗ್ಗುಲು ಬದ್ಲಾಯ್ಸ್ವಾಗ ಒಸಿ ಅಚ್ತಿದ್ದೆ. ತಂಪಲ್ವಾ.”

ನಮ್ಮ ಮನೆಯಲ್ಲಿ ಉಷ್ಣಕ್ಕೆಲ್ಲ ಹರಳೆಣ್ಣೆಯೇ ಮದ್ದು. ಬೇಸಿಗೆಯಾದರೆ ನೆತ್ತಿಗೆ, ಕಣ್ಣುರಿಯಾದರೆ ಅಂಗಾಲಿಗೆ. ಮನೆಯೆಲ್ಲ ಅದೇ ವಾಸನೆ, ಹಾಗಾಗಿ ನನ್ನ ಮೂಗಿಗೆ ಬೇರೆಯಾಗಿ ಬಡಿದಿರಲಿಲ್ಲ.

ಬಾಯಿಗೆ ಬಂದ ಹಾಗೆ ಕೂಗಾಡಿದೆ. “ಎರಡು ವಾರ ಹಾಳು ಮಾಡ್ದಲ್ಲಮ್ಮ! ನಾನು ಸಾಯೋವರ್ಗೂ ಹಿಂಗೇ ಕೂತಿರ್ಬೇಕಾ? ಅದೇನಾ ನಿನ್ನಾಸೆ?” ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಬಿಡಿ ಸಾರ್, ಇನ್ನೂ ಟೈಮಿದೆ. ಸೋಪ್ ಹಾಕಿ ತೊಳೆದ್ರೆ ಹೋಗುತ್ತೆ” ಎಂದು ಥೆರಪಿಸ್ಟ್ ನನ್ನ ಬಾಯಿ ಮುಚ್ಚಿಸಿದಳು.

ಮರುದಿನದಿಂದ ಅಮ್ಮ ನನ್ನ ಜೊತೆ ಬರುವುದನ್ನು ಬಿಟ್ಟಳು. ಬೆಳಗ್ಗೆ ಹೆಂಡತಿ ಸೋಪು ಹಚ್ಚಿ ಬೆನ್ನು ಒರೆಸುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಬೈಯುವಾಗ ಅಷ್ಟು ಚುರುಕಾಗಿದ್ದ ನಾಲಿಗೆ ತಪ್ಪಾಯಿತು ಎನ್ನಲು ಏಳಲೇ ಇಲ್ಲ.

ನಾಲ್ಕನೇ ವಾರದ ಒಂದು ದಿನ, ಎಂದಿನ ಹಾಗೆ ಕಣ್ಣು ಮುಚ್ಚಿ ಬಲಗಾಲನ್ನು ನೆಟ್ಟಗೆ ಮಾಡುತ್ತಿದ್ದೆ. ಬದುವಿನ ಹುಲ್ಲು ಅಂಗಾಲಿಗೆ ತಾಗುತ್ತಿತ್ತು. “ಸಾರ್, ಕಣ್ ಬಿಡಿ” ಎಂದಳು ಥೆರಪಿಸ್ಟ್. ಬಿಡಲಿಲ್ಲ, ಬಿಟ್ಟರೆ ಹೋಗಿಬಿಡುತ್ತದೆಂಬ ಭಯ. “ಕಣ್ ಬಿಡಿ ಸಾರ್, ನಿಮ್ದೇ ಕಾಲು, ನೋಡ್ಕೊಳಿ.” ಬಿಟ್ಟೆ. ಮಂಡಿ ನೆಟ್ಟಗಿತ್ತು. ಕರೆಂಟು ನಿಲ್ಲಿಸಿದ ಕೂಡಲೇ ಕಾಲು ಮತ್ತೆ ಮಂಕಾಯಿತು, ನಿಜ. ಆದರೂ ಅವತ್ತು ನಾನು ಮಗುವಿನಂತೆ ಅತ್ತೆ.

ಆರನೇ ವಾರದಲ್ಲಿ, ನಾಳೆ ನಿಮ್ಮನ್ನು ಎಬ್ಬಿಸಿ ನಿಲ್ಲಿಸಿ ನೋಡೋಣ ಎಂದರು. ಅಂದು ಸಂಜೆ ಅಮ್ಮನಿಗೆ “ನಾಳೆ ನೀನೂ ಬಾ” ಎಂದೆ.

“ನಾನ್ಯಾಕಪ್ಪ, ಏನಾದ್ರೂ ಎಡವಟ್ಟು ಮಾಡ್ಬುಡ್ತೀನಿ.”

“ಬಾರಮ್ಮ” ಎಂದೆ. ಕ್ಷಮೆ ಕೇಳುವುದು ನನಗೆ ಅಷ್ಟೇ ಬರುವುದು.

ಮರುದಿನ, ನನ್ನ ಎರಡೂ ಕಡೆ ಕಂಬಿ. ನನ್ನ ಮಂಡಿಗೆ ತನ್ನ ಮಂಡಿ ಆನಿಸಿ ಥೆರಪಿಸ್ಟ್ ಮುಂದೆ ಕೂತಳು. ಬೆನ್ನಿನಲ್ಲಿ ಕರೆಂಟು ಗುಂಯ್‌ಗುಟ್ಟಿತು. ಕಂಬಿ ಹಿಡಿದು, ಹಲ್ಲು ಕಚ್ಚಿ ಕಾಲನ್ನು ನೆಲಕ್ಕೆ ಒತ್ತಿದೆ. ನೆಲ ಮೆಲ್ಲಗೆ ದೂರ ಸರಿಯಿತು, ಗೋಡೆಗಳು ತೇಲಿದವು, ಕಿಟಕಿ ಇಳಿದು ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಥೆರಪಿಸ್ಟ್ ತನ್ನ ಮಂಡಿಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಎಳೆದುಕೊಂಡಳು. ನಾನು ಬೀಳಲಿಲ್ಲ.

ಅಮ್ಮ ಎದ್ದು ಹತ್ತಿರ ಬಂದಳು. ಎರಡು ವರ್ಷದಿಂದ ಅವಳನ್ನು ಕೆಳಗಿನಿಂದಲೇ ನೋಡಿದ್ದೆ: ಗಲ್ಲ, ಮೂಗುತಿ, ತಟ್ಟೆ ಹಿಡಿದ ಕೈ. ಈಗ ಮೇಲಿನಿಂದ ಕಂಡಳು. ಕೂದಲು ಯಾವಾಗ ಇಷ್ಟು ಉದುರಿತೋ, ಬೈತಲೆ ಅಗಲವಾಗಿ ನೆತ್ತಿಯ ಚರ್ಮ ಕಾಣುತ್ತಿತ್ತು. ಅವಳ ತಲೆ ನನ್ನ ಎದೆಗೆ ಬರುತ್ತಿತ್ತು, ಅಷ್ಟೇ. ಇಷ್ಟು ಪುಟ್ಟ ಹೆಂಗಸಿನ ಮೇಲೆ ಅಷ್ಟು ಜೋರಾಗಿ ಕೂಗಾಡಿದ್ದೆ.

“ಸಾಕು, ಕುಂತ್ಕೊಳಪ್ಪ” ಎಂದಳು. “ಕಾಲು ನೋಯ್ತವೆ.”

“ನೋಯ್ಲಿ ಬಿಡಮ್ಮ” ಎಂದು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ.